ಕೌದಿ ಮ್ಯಾಲಿನ ಭೂಕಂಪ

ಎಲ್ಲಾರಿಗೂ ವರ್ಷಕ್ಕ ಒಮ್ಮೆರ ಮಾರಿ ಮುಚ್ಚಿಕೊಳ್ಳೂ ಪ್ರಸಂಗ ಬರತಾವು. ನನಗ ಅವು ಪಗಾರದ ಜೋಡಿನ ಬರತಾವು ಅಂತ ಕಾಣತೈತಿ. ನಾ ಧಾರವಾಡದ ಒಂದು ಕಾಲೇಜಿನ್ಯಾಗ ಕಲಸ್ತೇನಿ. ದೂರದಾಗ ಎಲ್ಲೋ ಭೂಕಂಪ ಆದ್ರ ನಮ್ಮ ಕಡೆ ಯಾವ ಓಣ್ಯಾಗ ನೆಲ ಎಷ್ಟು ಜೋರ್ ಅಲಗ್ಯಾಡಬಹುದು ಅಂತ ಮೊದಲ ಅಂದಾಜು ಮಾಡೂದು ನನ್ನ ಕೆಲಸ. ಗಟ್ಟಿ ಕಲ್ಲಿನ ನೆಲ ಕಡಿಮಿ ಅಲಗ್ಯಾಡತೈತಿ, ಎರಿ ಮಣ್ಣಿನ ನೆಲ ಹೆಚ್ಚು. ಇಷ್ಟ ಮಾತು. ಇಷ್ಟು ಹೇಳಾಕ ಹೋಗಿ ನಾ ಪಟ್ಟ ಫಜೀತಿ ಕೇಳ್ರಿ.

೧. ಕುಬಸದ ಊಟ

ಬೀಗರ ಮನ್ಯಾಗ ಬಸರಿ ಸೊಸಿಗೆ ಕುಬಸ ಇತ್ತು. ಪಂಕ್ತ್ಯಾಗ ನನ್ನ ಬಾಜೂ ಕುಂತ ಕಾಕಾ ಒಬ್ರು ಕೇಳಿದ್ರು, "ಮೇಡಮ್ಮಾರ, ಭೂಕಂಪ ಯಾವಾಗ ಬರತೈತ್ರಿ? ಮುಂದಿನ ತಿಂಗಳ ಮಗಳ ಲಗ್ನ ಐತಿ."

"ಯಾವಾಗ ಅನ್ನೂದು ಯಾರಿಗೂ ಹೇಳಾಕ ಬರೂದಿಲ್ರಿ ಕಾಕಾ."

"ಹಂಗಾರ ನೀವು ಏನ್ ಹೇಳ್ತೀರಿ?"

"ಬಂದ್ರ ಎಷ್ಟು ಅಲಗ್ಯಾಡತೈತಿ ಅಂತ ಹೇಳ್ತೇನ್ರಿ."

ಕಾಕಾ ಹೋಳಿಗಿ ಮುರದು ತುಪ್ಪದಾಗ ಅದ್ದಿ, ಭಾಳ ಸಮಾಧಾನದಿಂದ ಅಂದ್ರು, "ಬಂದಮ್ಯಾಲ ಅದು ನಮಗೂ ತಿಳೀತೈತಲ್ರಿ!"

ಇಡೀ ಪಂಕ್ತಿ ನಕ್ಕಿತು. ಬಡಸಾಕ ಬಂದಾಕಿನೂ ಸಾರಿನ ಬಕೀಟು ಕೆಳಗಿಟ್ಟು ನಕ್ಕಳು.

೨. ಮನಿಗೆ ಬಂದ ಮಶೀನು

ಹಳೇ ಹುಬ್ಬಳ್ಳ್ಯಾಗ ಒಬ್ಬ ಅಜ್ಜಿ ಮನಿ ಒಳಗ ನೆಲದ ಅಲಗ್ಯಾಟ ಅಳೆಯೂ ಮಶೀನು ಇಟ್ಟು ಬಂದಿದ್ದೆ. ಊಟದ ಡಬ್ಬಿಯಷ್ಟ ಇರತೈತಿ. ಅದನ್ನ ಬರೇ ನೆಲಕ್ಕ ಇಡಬೇಕು; ಅದು ಕಂಡದ್ದು ನಮ್ಮ ಕಾಲೇಜಿನ ಕಂಪ್ಯೂಟರಿಗೆ ಗೆರಿಯಾಗಿ ಬರತೈತಿ.

ಒಂದು ವಾರದಾಗ ಏನು ಗೆರಿ ಅಂತೀರಿ! ನಾ ಹಿಗ್ಗಿ ಹೀರಿಕಾಯಾಗಿ ಮೀಟಿಂಗಿನ್ಯಾಗ ಎದ್ದು ನಿಂತು, "ಹಳೇ ಹುಬ್ಬಳ್ಳಿ ನೆಲ ತೊಟ್ಟಿಲಿನಂಗ ತೂಗಾಕತ್ತೈತ್ರಿ" ಅಂದೆ. ನಮ್ಮ ಹಿರಿಯ ಸರ್ ಗಾಬರಿಯಾಗಿ, ನೋಡೇ ಬಿಡೂಣ ನಡೀರಿ ಅಂತ ಜೀಪ್ ಹತ್ತಿದ್ರು.

ಹೋಗಿ ನೋಡಿದ್ರ ಮಶೀನು ನಾಲ್ಕು ಮಡಿಕಿ ಕೌದಿ ಮ್ಯಾಲ ಕುಂತೈತಿ!

"ಇದ್ಯಾಕ್ರಿ ಅಜ್ಜಿ?" ಅಂದೆ.

"ಮನಿಗೆ ಬಂದದ್ದನ್ನ ಥಣ್ಣನ ಫರ್ಸಿ ಕಲ್ಲಿನ ಮ್ಯಾಲ ಕುಂಡ್ರಸೂದು ನಮ್ಮ ಪದ್ಧತಿ ಅಲ್ಲ ನಮ್ಮವ್ವಾ. ನಿಮ್ಮ ಸಾಹೇಬ್ರು ನೋಡಿದ್ರ ಏನಂದಾರು?"

ಸಾಹೇಬ್ರು ನೋಡಿದ್ರು. ಕೌದಿನ್ನ ಬೆರಳಿಲೆ ಒತ್ತಿ ನೋಡಿ, "ಮೇಡಮ್ಮಾರ, ನಿಮ್ಮ ತೊಟ್ಟಿಲಾ ಸಿಕ್ತು" ಅಂದ್ರು.

೩. ಓಣಿಗೆಲ್ಲಾ ಭೂಕಂಪ

ಮಶೀನು ನೆಲಕ್ಕ ಇಟ್ಟು ಬಂದಮ್ಯಾಲೂ ನನ್ನ ಜೀವಕ್ಕ ಸಮಾಧಾನ ಇರಲಿಲ್ಲ. ಅಜ್ಜಿ ಮಲಗೂ ಹೊರಸಿನ ನೆತ್ತಿ ಮ್ಯಾಲ ಒಂದು ಹಲಗಿ, ಅದರ ಮ್ಯಾಲ ಸಾಲಾಗಿ ಹಿತ್ತಾಳಿ ಕೊಡಾ. ನೆಲ ಚೂರು ಅಲಗಿದ್ರೂ ಅವು ಸೀದಾ ಆಕೀ ತಲಿ ಮ್ಯಾಲ. ಹೋದಾಗೆಲ್ಲಾ ಕೈ ಮುಗದು ಹೇಳ್ತಿದ್ದೆ, "ಅಜ್ಜಿ, ಭಾರ ಇದ್ದದ್ದು ಕೆಳಗ, ಹಗರ ಇದ್ದದ್ದು ಮ್ಯಾಲ ಇಡ್ರಿ."

"ಅವು ನನ್ನ ತವರುಮನಿ ಕೊಡಾ. ನೆಲಕ್ಕ ಇಟ್ರ ತವರುಮನಿ ಮರ್ಯಾದಿ ಏನಾತು?"

ಒಂದಿನ ಮಧ್ಯಾಹ್ನ ಇದ ವಾದ ನಡದಿತ್ತು. ಒಮ್ಮಿಂದೊಮ್ಮೆಲೆ ಕಿಡಕಿ ಗಡಗಡ ಅಂದ್ವು, ಕೊಡಾ ಒಂದಕ್ಕೊಂದು ಬಡಕೊಂಡ್ವು, ಎದಿ ಒಳಗ ಧಡ್ ಧಡ್. "ಭೂಕಂಪ! ಹೊರಗ ನಡೀರಿ!" ಅಂತ ಒದರಿ ಅಜ್ಜಿ ರಟ್ಟಿ ಹಿಡದು ಎಳಕೊಂಡು ಓಡಿದೆ. ಓಣಿಗೆ ಓಣಿನ ಹೊರಗ ಬಿತ್ತು. ಒಬ್ಬಾಕಿ ಕೈಯಾಗ ಜ್ವಾಳದ ಹಿಟ್ಟು, ಒಬ್ಬಾತನ ಅರ್ಧ ಗಲ್ಲಕ್ಕ ಸಾಬೂನು.

ಆಗ ಮೂಲಿ ತಿರುಗಿ ಬಂತು ನೋಡ್ರಿ ನನ್ನ ಭೂಕಂಪ: ಲಾರಿ ತುಂಬ ಸ್ಪೀಕರ್ ಪೆಟ್ಟಿಗಿ, ಹಿಂದ ಕುದರಿ ಮ್ಯಾಲ ಮದುಮಗ. ಇಡೀ ಓಣಿ ತನ್ನ ನೋಡಾಕ ಬಂದೈತಿ ಅಂತ ತಿಳದು ಪಾಪ, ಎಲ್ಲಾರಿಗೂ ಕೈ ಮುಗಕೋತ ಹೋದ. ಸಾಬೂನಿನ ಗಲ್ಲದಾವ ನನ್ನ ಕಡೆ ತಿರುಗಿ, "ಮೇಡಮ್ಮಾರ, ಇನ್ನ ಅಕ್ಕಿಕಾಳು ಹಾಕೂಣೇನ್ರಿ?" ಅಂದ.

೪. ಹಗರ ಇದ್ದದ್ದು ಮ್ಯಾಲ

ನಾಚಿಕಿಲೆ ಸತ್ತು ಒಳಗ ಬಂದ್ರ, ಎಲ್ಲಾಕ್ಕಿಂತ ದೊಡ್ಡ ಕೊಡಾ ಅಜ್ಜಿ ತಲಿದಿಂಬಿನ ಮ್ಯಾಲ ಬಿದ್ದಿತ್ತು. ಅಜ್ಜಿ ದಿಂಬು ನೋಡಿದ್ರು, ಕೊಡಾ ನೋಡಿದ್ರು. "ನಿನ್ನ ಭೂಕಂಪ ಸುಳ್ಳು, ಕೊಡಾ ಬಿದ್ದದ್ದು ಖರೇ ಆತಲ್ಲವಾ" ಅಂದ್ರು.

ಮರುದಿನದಿಂದ ಕಂಪ್ಯೂಟರಿನ್ಯಾಗ ಮತ್ತ ಹುಚ್ಚುಚ್ಚಾರ ಗೆರಿ. ಬಾಗಲಾ ಮುಚ್ಚಿದ್ರೂ ದೊಡ್ಡ ಕಂಪನ! ಸರ್ ಮತ್ತ ಜೀಪ್ ತಗಸಿದ್ರು.

ಅಜ್ಜಿ ಮನ್ಯಾಗ ಹಿತ್ತಾಳಿ ಕೊಡಾ ಎಲ್ಲಾ ಕೆಳಗ ಇಳದು, ನಾಲ್ಕು ಮಡಿಕಿ ಕೌದಿ ಮ್ಯಾಲ ದೌಲತ್ತಿಲೆ ಕುಂತಿದ್ವು. ನನಗ ಖುಷಿಯಾತು. ಆದ್ರ ಮಶೀನು ಇಲ್ಲ.

"ಅಜ್ಜಿ, ಮಶೀನೆಲ್ಲೈತ್ರಿ?"

ಅಜ್ಜಿ ಮ್ಯಾಲ ಬೆರಳು ತೋರಿಸಿದ್ರು. ಖಾಲಿ ಹಲಗಿ ಮ್ಯಾಲ ನಟ್ಟನಡಕ ಮಶೀನು. ಹಣಿಗೆ ಕುಂಕುಮ, ಮ್ಯಾಲೊಂದು ಸೇವಂತಿಗಿ ಹೂವು.

"ನೀನ ಹೇಳಿದ್ದೆಲ್ಲವಾ, ಭಾರ ಇದ್ದದ್ದು ಕೆಳಗ, ಹಗರ ಇದ್ದದ್ದು ಮ್ಯಾಲ. ಎತ್ತಿ ನೋಡಿದೆ, ಮನ್ಯಾಗ ಇದಕ್ಕಿಂತ ಹಗರ ಏನೂ ಇರಲಿಲ್ಲ."

ಅದನ್ನ ಇಳಸ್ರಿ ಅನ್ನಾಕ ನಾ ಬಾಯಿ ತಗದೆ.

"ಇಳಸ್ತೇನಿ, ಅದಕ್ಕೇನು" ಅಂದ್ರು ಅಜ್ಜಿ. "ಆದ್ರ ಹಲಗಿ ಬರಿದು ಬಿಡಬಾರದು. ಕೊಡಾ ಮತ್ತ ಮ್ಯಾಲ ಇಡ್ಲೇನು?"

ನಾ ಸರ್ ಮಾರಿ ನೋಡಿದೆ. ಸರ್ ಹೊರಸು ನೋಡಿದ್ರು, ದಿಂಬು ನೋಡಿದ್ರು. ಆಮ್ಯಾಲ ಚಪ್ಪಲಿ ಬಿಟ್ಟು ಮುಂದ ಬಂದು, ಹಲಗಿ ಮ್ಯಾಲಿನ ಮಶೀನಿಗೆ ಭಕ್ತಿಯಿಂದ ಕೈ ಮುಗದು ನನ್ನ ಕಡೆ ತಿರುಗಿದ್ರು.

"ಮುಗೀರಿ ಮೇಡಮ್ಮಾರ. ಇನ್ನ ಇದನ್ನ ಇಳಸಾಕ ಬರೂದಿಲ್ಲ."