ರೈಲು ಹತ್ತಿ ಹೋದವನ ಮದುವೆ

ಸಿನಿಮಾ ನೋಡಿ ಅತ್ತವರನ್ನು ಕಂಡಿದ್ದೀರಿ, ನಕ್ಕವರನ್ನೂ ಕಂಡಿದ್ದೀರಿ. ಸಿನಿಮಾ ಕೊಟ್ಟ ಮಾತಿಗೆ ತಪ್ಪಿತು ಎಂದು ಟೆಂಟಿನವರ ಹತ್ತಿರ ನ್ಯಾಯ ಕೇಳಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ಕಂಪಲಾಪುರದ ನನ್ನ ಸೋದರತ್ತೆ. ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿಗೆ ಸೌದೆ ಒಟ್ಟಿ ಉಳಿದ ಹೊತ್ತನ್ನೆಲ್ಲ ಒಂದು ಹಳೆಯ ತಮಿಳು ಪ್ರೇಮದ ಸಿನಿಮಾಕ್ಕೆ ಮೀಸಲಿಟ್ಟವರು. ತಮಿಳು ಬರುತ್ತಿತ್ತೇ ಎನ್ನುತ್ತೀರಾ? ಒಂದಕ್ಷರವೂ ಇಲ್ಲ!

ಅದನ್ನು ಅವರು ಮೊದಲು ನೋಡಿದ್ದು ಮದುವೆಯಾದ ಹೊಸದರಲ್ಲಿ, ಊರಾಚೆ ಕೊಯ್ದ ಗದ್ದೆಯಲ್ಲಿ ಟೆಂಟು ಹಾಕಿದ್ದಾಗ. ಟೆಂಟಿಗೆ ಒಂದೇ ಮೆಷಿನ್. ಒಂದು ಡಬ್ಬದ ರೀಲು ಮುಗಿದರೆ ದೀಪ ಹತ್ತಿಸಿ ಇನ್ನೊಂದು ಡಬ್ಬದ್ದನ್ನು ಏರಿಸಬೇಕು. ಅಷ್ಟರಲ್ಲಿ ಜನ ಕಡಲೆಕಾಯಿ ತಿಂದು, ಕೂಸುಗಳಿಗೆ ಉಚ್ಚೆ ಹೊಯ್ಯಿಸಿಕೊಂಡು ಬರಬೇಕು. ಕಥೆಯೇನು? ಹುಡುಗ ಹುಡುಗಿ ಪ್ರೀತಿಸುತ್ತಾರೆ, ಹಿರಿಯರು ಒಪ್ಪುವುದಿಲ್ಲ, ಹುಡುಗ ರೈಲು ಹತ್ತಿ ಹೋಗುತ್ತಾನೆ, ಹುಡುಗಿ ಸ್ಟೇಷನ್ನಿನಲ್ಲಿ ಅಳುತ್ತಾ ನಿಲ್ಲುತ್ತಾಳೆ. ಪರದೆಯ ಮೇಲೆ ತಮಿಳಿನಲ್ಲಿ ಏನೋ ಬರೆದು ಬರುತ್ತದೆ. ಆಮೇಲೆ ಮದುವೆ! ಬಾಳೆಕಂಬ, ನಾದಸ್ವರ, ಪಂಕ್ತಿ ಊಟ. ಕಂಪಲಾಪುರದವರೆಲ್ಲ ಹೊಟ್ಟೆ ತಣ್ಣಗಾಗಿ ಮನೆಗೆ ಹೋದರಂತೆ.

ಎಷ್ಟೋ ವರ್ಷದ ಮೇಲೆ, ನಾನು ಮದುವೆಯಾಗಿ ಹುಣಸೂರಿಗೆ ಬಂದಿದ್ದಾಗ, ಅದೇ ಸಿನಿಮಾ ನಮ್ಮ ಟೆಂಟಿಗೆ ಬಂತು. ಹೇಳಿಕಳಿಸಿದೆ. ಅತ್ತೆ ಎಣ್ಣೆನೀರು ಹಾಕಿಕೊಂಡು, ತಲೆತುಂಬ ಕನಕಾಂಬರ ಮುಡಿದು, ಮಾವನನ್ನು ಹೊರಡಿಸಿಕೊಂಡು ಬಂದೇ ಬಿಟ್ಟರು. ಮಾವ ಮಾತಿನಲ್ಲಿ ಕಡು ಜಿಪುಣರು. ಊಟವಾಯಿತೇ ಎಂದರೂ ‘ಹೂಂ’, ಬ್ಯಾರನ್ನಿಗೆ ಬೆಂಕಿ ಬಿತ್ತು ಎಂದರೂ ‘ಹೂಂ’. ಅವರು ಗಂಡಸರ ಕಡೆ ಕುಳಿತರು, ನಾವು ಅಡ್ಡಗೋಡೆಯ ಈಚೆ.

ನಡುವಿನಲ್ಲೇ ಮದುವೆ ಬಂದುಬಿಟ್ಟಿತು. ಇವರಿಗೇನು ಅವಸರವೋ ಎಂದು ಅತ್ತೆ ಗೊಣಗಿದರು. ಕೊನೆಗೆ ರೈಲು ಹೋಯಿತು, ಹುಡುಗಿ ಅತ್ತಳು, ದೀಪ ಹತ್ತಿತು. ಜನ ಎದ್ದರು, ಅತ್ತೆ ಏಳಲಿಲ್ಲ. ಗೇಟಿನವನು ಬಂದ.

“ಏಳಮ್ಮ, ಮುಗೀತು.”

“ಇನ್ನೊಂದು ಡಬ್ಬ ಐತಲ್ಲ, ಆಕಪ್ಪ. ಮದುವೆ ಆಗ್ಬೇಕು.”

“ಮದುವೆ ಆಗ್ಲೇ ಬಂತಲ್ಲಮ್ಮ. ಅದು ಅವಳು ಕಂಡ ಕನಸು.”

“ಕನಸಲ್ಲಿ ಯಾರಾದ್ರೂ ಅಷ್ಟು ಜನಕ್ಕೆ ಊಟ ಆಕ್ತಾರಾ?”

ಗೇಟಿನವನು ಕಂಪಲಾಪುರದ ಸಂಗತಿ ಕೇಳಿ ನಕ್ಕ. ಅಲ್ಲಿ ಡಬ್ಬ ಅದಲುಬದಲಾಗಿ ಕನಸಿನ ರೀಲನ್ನು ಕೊನೆಗೆ ಹಾಕಿರಬೇಕು ಎಂದ. ತಮಿಳು ಬಲ್ಲವರಿದ್ದರಲ್ಲವೇ ಗೊತ್ತಾಗುವುದು! ಅತ್ತೆ ಒಪ್ಪಿದರೇ? ತಪ್ಪು ಹುಣಸೂರಿನವರದೇ ಎಂದು ತೀರ್ಪು ಕೊಟ್ಟರು. ರೈಲು ಹೋದ ಮೇಲೆ ಪರದೆಯಲ್ಲಿ ಬರುವ ಬರಹ ಮತ್ತಿನ್ನೇನು? ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬರುತ್ತೇನೆ ಅಂತ ಹುಡುಗ ಹೇಳಿದ್ದು!

ಅಲ್ಲಿಂದ ಶುರುವಾಯಿತು ಬೆನ್ನಟ್ಟುವುದು. ಕೆ.ಆರ್. ನಗರಕ್ಕೆ ಹೋಗುವ ಮೊದಲು ಹನುಮಂತರಾಯನಿಗೆ ವಡೆಸರದ ಹರಕೆ ಹೊತ್ತರು. ಅಲ್ಲೂ ರೈಲು ಹೋಯಿತು. “ಅವನು ಬ್ರಹ್ಮಚಾರಿ ಕಣವ್ವ, ಮದುವೆ ವಿಷಯ ಅವನ್ನ ಕೇಳಿದ್ದೇ ತಪ್ಪು” ಎಂದು ಹರಕೆಯನ್ನು ಚಾಮುಂಡಿತಾಯಿಗೆ ವರ್ಗ ಮಾಡಿದರು. ಎಚ್.ಡಿ. ಕೋಟೆಯಲ್ಲಂತೂ ಅವರ ಮಾತು ನಂಬಿ ಹೆಂಗಸರ ಕಡೆಯವರೆಲ್ಲ ಮದುವೆಗೆ ಕಾಯುತ್ತಾ ಕುಳಿತುಬಿಟ್ಟರು. ಟೆಂಟಿನವರು ಕೈಮುಗಿದು ಎಬ್ಬಿಸಬೇಕಾಯಿತು.

ಮಾರನೆಯ ಬೆಳಿಗ್ಗೆ ಕೋಟೆಯಲ್ಲಿ ಬಸ್ಸಿಗೆ ನಿಂತಿದ್ದಾಗ ನಾನು ಕೇಳಿಯೇ ಬಿಟ್ಟೆ, ಸಿನಿಮಾದವರ ಮದುವೆ ಕಟ್ಟಿಕೊಂಡು ನಿಮಗೇನಾಗಬೇಕು ಎಂದು. ಮಾವ ಬಾಳೆಹಣ್ಣು ತರಲು ಹೋಗಿದ್ದರು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

“ನಿಮ್ಮಾವಂಗೆ ನಾನು ಇಷ್ಟ ಇರ್ನಿಲ್ಲ ಕಣವ್ವ. ಇರೀಕರ ಬಲವಂತ. ತಾಳಿ ಕಟ್ಟಿದ್ ಮ್ಯಾಲೆ ನನ್ನ ಕೂಡೆ ಒಂದು ಮಾತೂ ಆಡಿರ್ನಿಲ್ಲ. ಅವತ್ತು ಸಿನಿಮಾ ಬುಟ್ಟು ಬರೋವಾಗ, ಗದ್ದೆ ಬದಿನ ಮ್ಯಾಲೆ, ‘ಚೆಂದಾಗಿತ್ತು, ಅಲ್ವಾ?’ ಅಂದ್ರು. ಅದೇ ಮೊದಲು.” ಸುತ್ತಿದ ಸೆರಗನ್ನು ಬಿಚ್ಚುತ್ತಾ ಹೇಳಿದರು: “ಆ ಹುಡುಗ ಬಾರದೇ ಇದ್ದಿದ್ರೆ, ಇವರು ಮಾತಾಡ್ತಿದ್ರಾ?”

ತಿರುಗಿ ನೋಡಿದರೆ ಮಾವ ಬಾಳೆಹಣ್ಣು ಹಿಡಿದು ಹಿಂದೆಯೇ ನಿಂತಿದ್ದರು. ಎಷ್ಟು ಕೇಳಿಸಿತ್ತೋ. ಬಸ್ಸು ಬಂತು ಎಂದೆ. ‘ಹೂಂ’ ಎಂದರು.

ಮುಂದಿನ ಸಲ ಸಿನಿಮಾ ಪಿರಿಯಾಪಟ್ಟಣಕ್ಕೆ ಬಂದಾಗ ಹೇಳಿಕಳಿಸಿದ್ದು ಅತ್ತೆಯಲ್ಲ, ಮಾವ! ನನಗೇ ಆಶ್ಚರ್ಯ. ಟೆಂಟಿನಲ್ಲಿ ನೋಡಿದರೆ ಗಂಡಸರ ಕಡೆ ಮಾವನ ಪತ್ತೆಯಿಲ್ಲ. ರೀಲು ಬದಲಿಸಲು ದೀಪ ಹತ್ತಿದಾಗ ಹಿಂದಕ್ಕೆ ತಿರುಗಿದೆ. ಮೆಷಿನ್ ಕೋಣೆಯ ಬಾಗಿಲಲ್ಲಿ ಮಾವ ಒಂದು ತಗಡಿನ ಡಬ್ಬವನ್ನು ಎದೆಗೆ ಅವುಚಿಕೊಂಡು ನಿಂತಿದ್ದರು, ಯಾರಾದರೂ ಕಸಿದುಕೊಂಡಾರು ಎನ್ನುವ ಹಾಗೆ.

ನಡುವೆ ಕನಸಿನ ಮದುವೆ ಬರಲಿಲ್ಲ. ಹುಡುಗಿ ಮಲಗಿದಳು, ಎದ್ದಳು, ಜಗಳ ಶುರುವಾಯಿತು. ಅತ್ತೆಯ ಮುಖ ಸಣ್ಣಗಾಯಿತು. “ಪಿರಿಯಾಪಟ್ಟಣದೋರು ಮದುವೆನೇ ಕಿತ್ತಾಕವ್ರೆ” ಎಂದರು. ರೈಲು ಹೋಯಿತು, ಬರಹ ಬಂತು, ದೀಪ ಹತ್ತಿತು. ಜನ ಚಾಪೆ ಕೊಡವುತ್ತಿದ್ದರು. ನಾನು ಚಾಮುಂಡಿತಾಯಿಯನ್ನು ನೆನೆದೆ.

ದೀಪ ಆರಿತು. ನಾದಸ್ವರ!

ಇಷ್ಟು ವರ್ಷ ಬಾಯಿ ಮಾಡಿದ ಅತ್ತೆ ಈಗ ಎಲ್ಲರ ಕಡೆ ತಿರುಗಿ ನಾನು ಹೇಳಿರಲಿಲ್ಲವೇ ಎನ್ನುತ್ತಾರೆ ಎಂದುಕೊಂಡೆ. ಎನ್ನಲಿಲ್ಲ. ನನ್ನ ಕೈ ಹಿಡಿದುಕೊಂಡು ಪಂಕ್ತಿಯ ಕೊನೆಯ ಎಲೆಯವರೆಗೂ ನೋಡಿದರು.

ಹೊರಗೆ ಮಾವ ಕಾದಿದ್ದರು. ಬಿಳಿ ಅಂಗಿಯ ಎದೆಗೆ ಡಬ್ಬದ ತುಕ್ಕು ಗುಂಡಗೆ ಅಂಟಿತ್ತು. ಅತ್ತೆ ಅದನ್ನು ನೋಡಿದರು. ಇಬ್ಬರೂ ಮುಂದೆ ನಡೆದರು. ನಾನು ಬೇಕೆಂದೇ ಸ್ವಲ್ಪ ಹಿಂದೆ ಉಳಿದೆ.

“ಚೆಂದಾಗಿತ್ತು, ಅಲ್ವಾ?” ಎಂದರು ಮಾವ.

‘ಹೂಂ’ ಎಂದರು ಅತ್ತೆ.