ಗೋಮುಖಕ್ಕೆ ಹೊರಡುವ ಮುಂಚಿನ ಗೋಳು

ದೇವರ ಹೆಸರು ಹೇಳಿ ನಾನು ಯಾವ ಕೆಲಸಕ್ಕೆ ಕೈ ಹಾಕಿದರೂ ಮೊದಲು ಗೊಂದಲ ಬರುತ್ತದೆ, ಆಮೇಲೆ ದೇವರು ಬರುತ್ತಾನೆ. ಹಬ್ಬದ ದಿನವೇ ಗ್ಯಾಸ್ ಖಾಲಿಯಾಗುತ್ತದೆ, ಶಿವರಾತ್ರಿಯ ದಿನವೇ ನಲ್ಲಿ ನಿಲ್ಲುತ್ತದೆ. ಅದೂ ಅವನ ಲೀಲೆ ಎಂದು ಕೈಮುಗಿದು ಸುಮ್ಮನಾಗುತ್ತೇನೆ. ಆದರೆ ಗಂಗೆ ಹುಟ್ಟುವ ಗೋಮುಖಕ್ಕೆ ಹೋಗುವುದೆಂದು ನಿಶ್ಚಯಿಸಿದ ಮೇಲೆ ನಡೆದದ್ದನ್ನೆಲ್ಲ ಹಾಗೆ ಒಂದೇ ಮಾತಿನಲ್ಲಿ ಮುಗಿಸಲು ಬರುವುದಿಲ್ಲ.

ನನ್ನ ಆಸೆ ಸಣ್ಣದು. ಹರಿಹರದಲ್ಲಿ ಹುಟ್ಟಿ ತುಂಗಭದ್ರೆಯಲ್ಲಿ ಮಿಂದು ಬೆಳೆದವಳು ನಾನು. ಮೊಣಕಾಲು ಪೂರ್ತಿ ಕೈಕೊಡುವ ಮುಂಚೆ, ಗಂಗೆ ಹಿಮದ ಬಾಯಿಂದ ಹೊರಗೆ ಬರುವುದನ್ನು ಒಮ್ಮೆ ಕಣ್ಣಾರೆ ಕಂಡು, ಬೊಗಸೆ ನೀರು ತಲೆಗೆ ಹಾಕಿಕೊಳ್ಳಬೇಕು. "ಈ ವರ್ಷ ಆಗ್ಲಿಲ್ಲ ಅಂದ್ರೆ ಮುಂದೆ ಕ್ಯಾಲೆಂಡರಿನಾಗೆ ನೋಡ್ಬೇಕು ಅಷ್ಟೇ" ಎಂದೆ. ನಮ್ಮ ಯಜಮಾನರು, "ನಡಿ, ನಾನೂ ಬರ್ತೀನಿ" ಎಂದರು. ಕಾಂಪೌಂಡಿನ ಆಚೆಯಿಂದ ಪಕ್ಕದ ಮನೆ ಅಕ್ಕ, "ನನ್ನ ಬಿಟ್ಟು ಹೋದ್ರೆ ನೋಡ್ರಿ ಮತ್ತೆ" ಎಂದರು. ಮೂರು ಜನವಾದೆವು. ಗೊಂದಲಕ್ಕೆ ಅಷ್ಟು ಸಾಕು.

ಬೂಟಿನ ಕಾವಲು

ಯಾತ್ರೆ ಏರ್ಪಾಡು ಮಾಡುವ ಏಜೆಂಟರು ಫೋನಿನಲ್ಲಿ ಹೇಳಿದರು: "ಹೊಸ ಬೂಟು ತಗೊಳ್ರಿ. ಆದ್ರೆ ಹೊಸಾವು ಹಾಕ್ಕೊಂಡು ಒಮ್ಮೆಲೇ ಹಿಮಾಲಯ ಹತ್ತಬ್ಯಾಡ್ರಿ, ಗುಳ್ಳೆ ಏಳ್ತಾವು. ಅವನ್ನ ಹಾಕ್ಕೊಂಡು ಅಲ್ಲೇ ಹತ್ತಿರದ ಗುಡ್ಡ ನಾಲ್ಕು ಸಲ ಹತ್ತಿಳೀರಿ. ಬೂಟು ಪಳಗ್ಬೇಕು."

ಬೂಟು ತಂದೆವು. ಯಜಮಾನರು ಹೊಸ ಸ್ಕೂಟರಿಗೆ ಮಾಡುವಂತೆ ಒಂದೊಂದು ಬೂಟಿನ ಕೆಳಗೂ ನಿಂಬೆಹಣ್ಣು ಇಟ್ಟು, ಮೂವರಿಂದಲೂ ಪಚಕ್ಕನೆ ತುಳಿಸಿದರು. ಸೋಮವಾರ ಬೆಳಿಗ್ಗೆ ನಮ್ಮೂರ ಹತ್ತಿರದ ಬಾತಿ ಗುಡ್ಡಕ್ಕೆ ಹೋದೆವು. ಬುಡದಲ್ಲಿ ಅಕ್ಕ ಗಕ್ಕನೆ ನಿಂತರು.

"ಅಲ್ರೀ, ಮ್ಯಾಲೆ ಸ್ವಾಮಿ ಅದಾನೆ. ಬೂಟು ಹಾಕ್ಕೊಂಡು ಹತ್ತೋದಾ?"

ಕೆನ್ನೆ ಕೆನ್ನೆ ಬಡಿದುಕೊಂಡು ಇಬ್ಬರೂ ಬೂಟು ಬಿಚ್ಚಿದೆವು. ಹೊಸ ಬೂಟು, ಹಾಗೇ ಬಿಟ್ಟು ಹೋಗುವಂತಿಲ್ಲ. ಯಜಮಾನರನ್ನು ಬುಡದಲ್ಲಿ ಕೂರಿಸಿ ನಾವು ಬರಿಗಾಲಲ್ಲಿ ಹತ್ತಿ ಬಂದೆವು. ಮುಂದಿನ ಸೋಮವಾರವೂ ಹಾಗೆಯೇ, ಅದರ ಮುಂದಿನದೂ ಹಾಗೆಯೇ.

ಏಜೆಂಟರು ಮತ್ತೆ ಫೋನು ಮಾಡಿದರು. "ಏನ್ರಿ ಯಜಮಾನ್ರೆ, ಬೂಟು ಪಳಗಿದುವಾ?"

"ಬೂಟು ಹಂಗೇ ಅದಾವೆ ಸ್ವಾಮಿ," ಎಂದರು ಇವರು. "ಕಾಯೋದ್ರಾಗೆ ನಾನು ಪಳಗೀನಿ."

ಕರ್ಪೂರ

ಎತ್ತರದಲ್ಲಿ ಗಾಳಿ ತೆಳುವಂತೆ. ಉಸಿರು ಕಟ್ಟಿದಂತಾದರೆ ಹತ್ತಿರ ಕರ್ಪೂರ ಇರಲಿ ಎಂದು ಏಜೆಂಟರು ಹೇಳಿದ್ದರು. ಅದನ್ನು ಮೂಸಬೇಕು ಅಂತ ಅವರು ಬಿಡಿಸಿ ಹೇಳಲಿಲ್ಲ. ಕರ್ಪೂರಕ್ಕೆ ನಮ್ಮ ಮನೆಗಳಲ್ಲಿ ಇರುವುದೇ ಒಂದು ಕೆಲಸ, ನಾವೂ ಕೇಳಲಿಲ್ಲ.

ಒಂದು ಸೋಮವಾರ ಬಾತಿ ಗುಡ್ಡದ ಅರ್ಧದಲ್ಲಿ ನನಗೆ ಏದುಸಿರು ಬಂತು. ತಪ್ಪು ನನ್ನದೇ. ಗುಡ್ಡಕ್ಕೆ ಬುತ್ತಿಯಿಲ್ಲದೆ ಹೋಗಬಾರದೆಂದು ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಕಟ್ಟಿಕೊಂಡು ಬಂದು, ಅರ್ಧದಲ್ಲೇ ಬಿಚ್ಚಿ ಉಂಡಿದ್ದೆ. ಬಂಡೆಗೆ ಒರಗಿ ಕಣ್ಣು ಮುಚ್ಚಿದೆ.

ಅಕ್ಕ ಗಾಬರಿಯಾದರೂ ಏಜೆಂಟರ ಮಾತು ಮರೆಯಲಿಲ್ಲ. ಚೀಲದಿಂದ ಕರ್ಪೂರ ತೆಗೆದರು. ಊಟದ ಸ್ಟೀಲ್ ತಟ್ಟೆಯಲ್ಲಿಟ್ಟು ಹಚ್ಚಿದರು. ನಾನು ಕಣ್ಣು ಬಿಟ್ಟಾಗ ನನ್ನ ಮುಖದ ಮುಂದೆ ಮಂಗಳಾರತಿ ಸುತ್ತುತ್ತಿತ್ತು. ಗುಡ್ಡ ಇಳಿಯುತ್ತಿದ್ದ ಯಾರೋ ದಂಪತಿ ಚಪ್ಪಲಿಯಿಲ್ಲದ ಕಾಲಲ್ಲಿ ಭಕ್ತಿಯಿಂದ ನಿಂತುಬಿಟ್ಟಿದ್ದರು.

"ಅಕ್ಕಾ, ಮುಗೀತಾ ನನ್ನ ಕಥೆ?" ಎಂದೆ.

ಅಕ್ಕ ಉತ್ತರ ಕೊಡುವ ಮೊದಲೇ ಆ ದಂಪತಿ ಮುಂದೆ ಬಂದು, ಆರತಿ ತಗೊಂಡು ಕಣ್ಣಿಗೆ ಒತ್ತಿಕೊಂಡು, ತಟ್ಟೆಗೆ ದಕ್ಷಿಣೆ ಹಾಕಿ, ನನ್ನ ಕಾಲಿಗೆ ಬಿದ್ದು ಹೋದರು.

ಕುಲಾವಿ

ಗಂಗಮ್ಮನ ಹತ್ತಿರ ಹೋಗುವವರು ಉಡಿ ತುಂಬುವ ಸಾಮಾನು ಒಯ್ಯಬೇಕಲ್ಲ? ಹಸಿರು ಬಳೆ, ಕುಪ್ಪಸದ ಕಣ, ಅರಿಶಿನ ಕುಂಕುಮ ಜೋಡಿಸುತ್ತ ಕೂತಿದ್ದೆ. ಅಕ್ಕ ಬಂದು ನೋಡಿ, ಬಹಳ ಹೊತ್ತು ಯೋಚನೆ ಮಾಡಿ, ನನ್ನ ನಿದ್ದೆ ಕೆಡಿಸುವ ಒಂದು ಪ್ರಶ್ನೆ ಎತ್ತಿದರು.

"ಕಾಶಿಯಾಗೆ ಆದ್ರೆ ಗಂಗಮ್ಮ ದೊಡ್ಡಾಕಿ, ಉಡಿ ತುಂಬಬೋದು. ಗೋಮುಖದಾಗೆ ಆಕಿ ಈಗ ಹುಟ್ಟಿರ್ತಾಳೆ. ಹಸಿಕೂಸು! ಕೂಸಿಗೆ ಯಾರಾದ್ರು ಉಡಿ ತುಂಬ್ತಾರಾ?"

ಹೌದಲ್ಲ ಅನ್ನಿಸಿತು. ಕೂಸಿಗಾದರೆ ಕರಿಬಳೆ, ಕಾಡಿಗೆ, ತಲೆಗೆ ಕುಲಾವಿ. ಅಕ್ಕ ಚಳಿಗೆ ಇರಲಿ ಎಂದು ಉಣ್ಣೆಯಲ್ಲೇ ಕುಲಾವಿ ಹೆಣೆದರು. ಆದರೂ ಸಮಾಧಾನವಿಲ್ಲ. ಹರಿಹರಕ್ಕೆ ಹೋಗಿ, ಹರಿಹರೇಶ್ವರನ ದರ್ಶನ ಮಾಡಿ, ಅಲ್ಲಿದ್ದ ವಯಸ್ಸಾದ ಅರ್ಚಕರ ಮುಂದೆ ಎರಡೂ ಗಂಟು ಬಿಚ್ಚಿದೆವು. ಅವರು ಒಮ್ಮೆ ಬಳೆ ನೋಡಿದರು, ಒಮ್ಮೆ ಕುಲಾವಿ ನೋಡಿದರು.

"ಗುರುಗಳೇ, ತಾಯಿಯಾ ಕೂಸಾ, ನೀವೇ ಹೇಳ್ಬೇಕು" ಎಂದೆ.

"ನಮ್ಮ ಸ್ವಾಮಿನ ನೋಡ್ರಮ್ಮ. ಅರ್ಧ ಹರಿ, ಅರ್ಧ ಹರ. ನಾನು ಇಷ್ಟು ವರ್ಷ ಪೂಜೆ ಮಾಡ್ತಿದೀನಿ, ಯಾವತ್ತಾದ್ರೂ ಯಾರು ಅಂತ ಕೇಳೀನಾ? ಎರಡೂ ಒಯ್ರಿ."

ನನ್ನ ಕಣ್ಣು ತುಂಬಿ ಬಂತು. ಎಂಥ ಮಾತು! ಕೈಮುಗಿದು ಏಳುವಾಗ ಅವರು ಮತ್ತೆ ಕರೆದರು.

"ಆದ್ರೆ ಕುಲಾವಿ ಇನ್ನೊಂದಿಷ್ಟು ದೊಡ್ಡದು ಹೆಣೀರಿ. ಅಲ್ಲಿ ಚಳಿ ಹತ್ತೋದು ಗಂಗಮ್ಮಗಲ್ಲ, ನಿಮಗೆ."

ಬಿ.ಪಿ. ಹತ್ತಿದ ಬೆಟ್ಟ

ಇಷ್ಟೆಲ್ಲ ಆದ ಮೇಲೆ ಏಜೆಂಟರು ಮುಖ್ಯವಾದದ್ದನ್ನು ಹೇಳಿದರು. ಗೋಮುಖದ ದಾರಿಗೆ ಪರವಾನಗಿ ಬೇಕು, ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು. ನಮ್ಮ ಬೀದಿ ಕೊನೆಯ ಡಾಕ್ಟರು ಯಜಮಾನರಿಗೂ ಅಕ್ಕನಿಗೂ ನಗುತ್ತಲೇ ಸಹಿ ಹಾಕಿದರು. ನನ್ನ ತೋಳಿಗೆ ಪಟ್ಟಿ ಸುತ್ತಿದ ಕೂಡಲೇ ನಗು ನಿಲ್ಲಿಸಿದರು.

"ಬಿ.ಪಿ. ಜಾಸ್ತಿ ಐತಲ್ಲಮ್ಮ."

ಇದೊಂದು ಪಟ್ಟಿಯ ಮೇಲೆ ನನ್ನ ಗಂಗೆ ನಿಂತಿದ್ದಾಳೆ ಅಂದುಕೊಂಡರೆ ಏರದೆ ಇನ್ನೇನಾದೀತು? ಮನಸ್ಸು ಶಾಂತವಾಗಲಿ ಎಂದು ಪಂಚಾಕ್ಷರಿ ಜಪಿಸಿದೆ. "ಮಾತಾಡಬ್ಯಾಡ್ರಿ, ಮಷಿನ್ ಓದಂಗಿಲ್ಲ" ಎಂದರು. ಜಪ ನಿಲ್ಲಿಸಿದೆ, ಇನ್ನೂ ಏರಿತು.

ಮನೆಗೆ ಬಂದವಳೇ ಉಪ್ಪು ಬಿಟ್ಟೆ, ಉಪ್ಪಿನಕಾಯಿ ಬಿಟ್ಟೆ. ಗುರುವಾರದ ಹೊತ್ತಿಗೆ ತಲೆ ಸುತ್ತಲು ಹತ್ತಿತು. ಡಾಕ್ಟರು ನೋಡಿ, "ಈಗ ಕಡಿಮೆ ಆಗೇತೆ, ಉಪ್ಪು ತಿನ್ರಿ" ಎಂದರು. ತಿಂದೆ. ಮತ್ತೆ ಪಟ್ಟಿ ಕಂಡ ಕೂಡಲೇ ಏರಿತು.

ಡಾಕ್ಟರು ಪಟ್ಟಿ ಬಿಚ್ಚುತ್ತ ಹೇಳಿದರು: "ಒಂದು ದಿನ ಹತ್ತುತ್ತೆ, ಒಂದು ದಿನ ಇಳಿಯುತ್ತೆ. ನಿಮಗಿಂತ ಮುಂಚೆ ನಿಮ್ಮ ಬಿ.ಪಿ.ನೇ ಟ್ರೆಕ್ಕಿಂಗ್ ಶುರು ಮಾಡೇತೆ ಬಿಡ್ರಿ."

ಸಹಿ ಹಾಕಲಿಲ್ಲ. ಇನ್ನೊಂದು ಸಲ ನೋಡೋಣ, ಆಗಲೂ ಹೀಗೇ ಇದ್ದರೆ ಈ ವರ್ಷ ಬ್ಯಾಡ ಎಂದರು. ಆ ರಾತ್ರಿ ದೇವರ ಮುಂದೆ ಕೂತು, "ಅಪ್ಪಾ, ಕರೆಸಿಕೊಳ್ಳೋದು ನಿನ್ನಿಷ್ಟ" ಎಂದಷ್ಟೇ ಹೇಳಿ ಮಲಗಿದೆ.

ಐಸ್ ಬಂತು

ಯಜಮಾನರಿಗೆ ಬೇರೆಯದೇ ಚಿಂತೆ, ತಣ್ಣೀರಿನದು. ರೂಢಿಯಾಗಲಿ ಎಂದು ತುಂಗಭದ್ರೆಗೆ ಹೋಗಿ ಮುಳುಗಿ ಬಂದು, "ಬಿಸಿಲಿಗೆ ಕಾದು ಎಸರಿಟ್ಟಂಗೆ ಐತೆ" ಎಂದು ಮುಖ ಸಿಂಡರಿಸಿದರು. ಮರುದಿನ ಕರೂರು ಕೈಗಾರಿಕಾ ಪ್ರದೇಶದ ಐಸ್ ಫ್ಯಾಕ್ಟರಿಯಿಂದ ದೊಡ್ಡ ದೊಡ್ಡ ಐಸ್ ಗಡ್ಡೆ ತರಿಸಿದರು. ಸ್ನಾನದ ಮನೆಯ ಟಬ್ಬಿನಲ್ಲಿ ಹಾಕಿ, ನೀರು ಚೆನ್ನಾಗಿ ತಣಿಯಲಿ ಎಂದು ಒಂದು ತಾಸು ಬಿಟ್ಟು, ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಒಂದು ಮನೆಯ ಮುಂದೆ ಆಟೋದಿಂದ ಐಸ್ ಗಡ್ಡೆ ಇಳಿದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಒಳಗೆ ಯಾರೋ ತೀರಿಕೊಂಡಿದ್ದಾರೆ, ದೂರದ ನೆಂಟರು ಬರುವವರೆಗೆ ಇಡಬೇಕಾಗಿದೆ. ಇದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಎದುರು ಮನೆಯವರಿಗೆ ಹೊಳೆಯಿತು. ಹರಿಹರದ ನನ್ನ ತಂಗಿಗೆ ಅವರೇ ಫೋನು ಮಾಡಿದರಂತೆ.

ನಾನು ಬಾಗಿಲು ತೆಗೆದಾಗ ಅರ್ಧ ಬೀದಿ ಅಂಗಳದಲ್ಲಿತ್ತು. ಮುಂದೆ ಡಾಕ್ಟರು, ಪಕ್ಕದಲ್ಲಿ ಸೆರಗು ಬಾಯಿಗಿಟ್ಟ ಅಕ್ಕ. ಅಷ್ಟರಲ್ಲಿ ತಂಗಿಯೂ ದೊಡ್ಡ ಹಾರ ಹಿಡಿದು ಕಾರಿಂದ ಇಳಿದಳು. ಯಾತ್ರೆಗೆ ಹೋಗುವವರನ್ನು ಬೀಳ್ಕೊಡಲು ಹಾರ ತಂದು ಕಣ್ಣೀರು ಹಾಕುವುದು ಉಂಟಲ್ಲ, ನಾನು ಅದೇ ಅಂದುಕೊಂಡೆ. ಎಷ್ಟು ಜನರ ಪ್ರೀತಿ, ಶಿವನೇ!

"ಇಷ್ಟು ಬೇಗ ಯಾಕ ಬಂದ್ರಿ? ಇನ್ನೂ ದಿನ ಐತೆ" ಎಂದೆ ನಗುತ್ತ.

"ಪಾಪ, ಶಾಕ್ ಆಗೇತೆ," ಎಂದರು ಯಾರೋ. "ಹಿಡ್ಕೊಳ್ರಿ, ಕೂರಿಸ್ರಿ."

ತಂಗಿ ನನ್ನನ್ನು ತಬ್ಬಿಕೊಂಡಳು. "ಅಕ್ಕಾ, ಭಾವ ಎಲ್ಲೇ?"

"ಒಳಗೆ ಐಸಿನಾಗೆ ಅದಾರೆ. ಹಾರ ಮೊದ್ಲು ಅವ್ರಿಗೇ ಹಾಕು, ಖುಷಿ ಪಡ್ತಾರೆ."

ಗೋಳೋ ಎಂದು ಅಳು ಎದ್ದಿತು. ಡಾಕ್ಟರು ಅವಸರದಲ್ಲಿ ನನ್ನ ತೋಳಿಗೆ ಪಟ್ಟಿ ಸುತ್ತಿದರು. ಇಷ್ಟು ಜನ ಹರಸಲು ಬಂದ ಸಂತೋಷದಲ್ಲಿ ಅದು ಯಾವ ಪಟ್ಟಿ ಎಂಬುದೂ ನನಗೆ ನೆನಪಾಗಲಿಲ್ಲ. ಡಾಕ್ಟರು ಒಮ್ಮೆ ನೋಡಿದರು, ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

"ಎಲ್ಲಾ ಸರಿ ಐತೆ! ಹೆಂಗೆ?"

ಆಗ ಸ್ನಾನದ ಮನೆ ಬಾಗಿಲು ತೆರೆಯಿತು. ಟವೆಲ್ ಸುತ್ತಿಕೊಂಡು, ತುಟಿ ನೀಲಿಯಾಗಿ, ಗಡಗಡ ನಡುಗುತ್ತ ನಮ್ಮ ಯಜಮಾನರು ಬಂದು ನಿಂತರು. "ಯಾ-ಯಾ-ಯಾರು ಹೋದ್ರೇ?"

ತಂಗಿ ಕಿಟಾರನೆ ಕಿರುಚಿ ಹಾರ ಕೈಬಿಟ್ಟಳು. ಡಾಕ್ಟರು ಅಲ್ಲೇ ಮೆಟ್ಟಿಲ ಮೇಲೆ ಕೂತು, ನನ್ನ ತೋಳಿನ ಪಟ್ಟಿ ಬಿಚ್ಚಿ ತಮ್ಮ ತೋಳಿಗೆ ಸುತ್ತಿಕೊಂಡರು. ವಿಷಯ ಎಲ್ಲರಿಗೂ ತಿಳಿಯಲು ಒಂದು ಸುತ್ತು ಚಹಾ ಬೇಕಾಯಿತು. ಚಹಾ ಮುಗಿಸಿ ಡಾಕ್ಟರು ಪೆನ್ನು ತೆಗೆದರು.

"ಇಷ್ಟು ಗಲಾಟೆಗೆ ಏರದ ಬಿ.ಪಿ. ಗೋಮುಖದಾಗೆ ಏರಂಗಿಲ್ಲ. ತರ್ರಮ್ಮ ಆ ಪೇಪರ್ರು."

ಸಹಿ ಬಿತ್ತು. ನಾನು ಕಾಗದವನ್ನು ಕಣ್ಣಿಗೊತ್ತಿಕೊಂಡು ದೇವರ ಮನೆಗೆ ಓಡಿದೆ. ಅವನು ಕರೆಸಿಕೊಳ್ಳುವ ದಾರಿಯೇ ಬೇರೆ! ದೀಪ ಹಚ್ಚಿ ಹೊರಗೆ ಬಂದರೆ ಜನರೆಲ್ಲ ಹೋಗಿದ್ದರು. ಯಜಮಾನರು ಎರಡು ಕಂಬಳಿ ಹೊದ್ದು ಮೂಲೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದರು.

"ಯಾಕ್ರೀ, ಸಹಿ ಆಯ್ತಲ್ಲ, ಖುಷಿ ಇಲ್ಲೇನು?"

"ಆಗ್ಲಿ ಆಗ್ಲಿ," ಎಂದರು. "ನಾನು ಸತ್ತೆ ಅಂತ ಬೀದಿಗೆ ಬೀದಿನೇ ಅತ್ತಿತು. ನಿನ್ನ ಬಿ.ಪಿ. ಮಾತ್ರ ಆಗ್ಲೇ ಸರಿ ಹೋಯ್ತು ನೋಡು!"