ಜರ್ಮನಿಗೆ ಹೊರಟ ಮಗಳು, ಬ್ಯಾಡ ಎಂದ ಅತ್ತೆ

ನರ್ಸಿಂಗ್ ಕಲಿಯುವ ಹುಡುಗಿಯರಿಗೆ ಊಟ ಹಾಕುವ ಮನೆಗೆ ಪರದೇಶವು ಆಗಾಗ ಬಂದು, ಏನಾದರೊಂದು ಫಜೀತಿ ಮಾಡಿಟ್ಟು ಹೋಗುತ್ತದೆ. ನಾವು ಭಾಲ್ಕಿಯ ಕಡೆಯವರು. ನಾಶಿಕದ ದೇವಳಾಲಿ ಕ್ಯಾಂಪಿನಲ್ಲಿ ನನ್ನ ಯಜಮಾನರ ಕಿರಾಣಿ ಅಂಗಡಿಯಿದೆ. ಅಂಗಡಿಯ ಮೇಲಿನ ಕೋಣೆಗಳಲ್ಲಿ ಕಾಲೇಜಿನ ಹುಡುಗಿಯರಿರುತ್ತಾರೆ; ಅವರಿಗೆಲ್ಲ ನಾನು ಕಾಕೂ, ಅಂದರೆ ಚಿಕ್ಕಮ್ಮ. ನನ್ನ ಮಗಳೂ ಅವರ ಜೊತೆಗೇ ಓದುತ್ತಾಳೆ. ಓದು ಮುಗಿದ ಮೇಲೆ ಜರ್ಮನಿಗೆ ಹೋಗಿ ಅಲ್ಲಿಯ ವೃದ್ಧರ ಶುಶ್ರೂಷೆ ಮಾಡುತ್ತ ಮುಂದೆ ಕಲಿಯಬೇಕೆಂಬುದು ಅವಳ ಆಸೆ. ಯಜಮಾನರು ಒಂದೇ ಮಾತು ಹೇಳಿದ್ದರು: “ಅವ್ವ ಹೂಂ ಅಂದ್ರ ಹೋಗು. ಇಲ್ಲಾಂದ್ರ ಇಲ್ಲ.” ಅವ್ವ, ಅಂದರೆ ನನ್ನ ಅತ್ತೆಯವರು, ಹೂಂ ಅನ್ನುವ ಪೈಕಿಯವರಲ್ಲ.

“ಇಲ್ಲಿ ನನ್ನ ಕಾಲು ಒತ್ಲಿಕ್ಕ ಯಾರಿಲ್ಲ. ಅಲ್ಲಿ ಮುದುಕ್ಯಾರ ಕಾಲು ಒತ್ಲಿಕ್ಕ ಇಮಾನ ಹತ್ತತಾಳಂತ!”

ನಾನು ನಾಲ್ಕನೆಯ ಇಯತ್ತೆಯವರೆಗೆ ಮಾತ್ರ ಕಲಿತವಳು. ನಾಲ್ಕು ಜನರೆದುರು ಬಾಯಿ ಬಿಡುವವಳೂ ಅಲ್ಲ. ಆದುದರಿಂದ ಕಂಡದ್ದನ್ನು ಬರೆದಿಡುತ್ತೇನೆ.

೧. ಹಿಮದ ಸಭೆ

ಸಂಭಾಜಿನಗರದ ಒಂದು ಹೋಟೆಲಿನಲ್ಲಿ ‘ಪರದೇಶದಲ್ಲಿ ನರ್ಸಿಂಗ್’ ಎಂಬ ಸೆಮಿನಾರ್ ಏರ್ಪಟ್ಟಿತ್ತು. ಹುಡುಗಿಯರನ್ನು ಒಂಟಿಯಾಗಿ ಕಳಿಸಲು ಅವರ ತಾಯಂದಿರು ಒಪ್ಪಲಿಲ್ಲವಾದ್ದರಿಂದ ನಾನೂ ಎಸ್.ಟಿ. ಬಸ್ಸು ಹತ್ತಿದೆ.

ವೇದಿಕೆಯ ಹಿಂದೆ ಗೋಡೆಯಷ್ಟು ದೊಡ್ಡ ಹಿಮಪರ್ವತದ ಚಿತ್ರ. ಹೊರಗೆ ಬಿಸಿಲು ಧಗಧಗ ಎನ್ನುತ್ತಿದ್ದರೂ ಒಳಗೆ ಎ.ಸಿ. ಎಷ್ಟು ಜೋರಾಗಿತ್ತೆಂದರೆ, ಜರ್ಮನಿಯ ಹವೆಯನ್ನು ಉಚಿತವಾಗಿ ಉಣಬಡಿಸುತ್ತಿರುವರೆಂದೇ ನಾನು ಭಾವಿಸಿದೆ. ಕೋಟು ತೊಟ್ಟ ಭಾಷಣಕಾರರು, “ಅಲ್ಲಿಯ ಮುದುಕರು ನಿಮ್ಮ ದಾರಿ ಕಾಯುತ್ತಿದ್ದಾರೆ!” ಎಂದು ಕೈಯೆತ್ತಿ ಹೇಳುತ್ತಿರುವಾಗಲೇ ನನ್ನ ಮುಂದಿನ ಸಾಲಿನಲ್ಲಿ ಧಡ್ ಎಂದು ಸದ್ದಾಯಿತು. ಮಗಳನ್ನು ಕರೆತಂದಿದ್ದ ರೈತರೊಬ್ಬರು ಕುರ್ಚಿಯಿಂದ ಜಾರಿ ಬಿದ್ದಿದ್ದರು. ಕನ್ನಡ ಎಂಬ ಊರಿನಿಂದ ನಸುಕಿನ ಬಸ್ಸಿಗೆ ಬರಿಹೊಟ್ಟೆಯಲ್ಲಿ ಬಂದಿದ್ದರಂತೆ.

ಭಾಷಣಕಾರರು ಗಾಬರಿಯಾಗಿ ಮೈಕಿನಲ್ಲಿಯೇ ಕೂಗಿದರು: “ಇಲ್ಲಿ ಯಾರಾದರೂ ಪೇಶಂಟ್ ನೋಡುವವರು ಇದ್ದೀರಾ?”

ಸಭಾಗೃಹದ ತುಂಬ ನರ್ಸಿಂಗ್ ವಿದ್ಯಾರ್ಥಿನಿಯರೇ. ಬಿಳಿಯ ಸಮವಸ್ತ್ರದ ಹುಡುಗಿಯರು ಒಮ್ಮೆಲೇ ನುಗ್ಗಿದರು. ಒಬ್ಬಳು ನಾಡಿ ಹಿಡಿದಳು, ಇಬ್ಬರು ಕಾಲೆತ್ತಿದರು, ಉಳಿದವರು ಉಚಿತವಾಗಿ ಹಂಚಿದ ಹೊತ್ತಿಗೆಗಳಿಂದ ಗಾಳಿ ಬೀಸಿದರು. ಆ ರೈತರು ಮೆಲ್ಲಗೆ ಕಣ್ಣು ತೆರೆದರು. ಸುತ್ತಲೂ ಬಿಳಿಯ ಬಟ್ಟೆಯ ಕನ್ಯೆಯರು, ಮೈಮೇಲೆ ತಣ್ಣನೆಯ ಗಾಳಿ, ಎದುರಿಗೆ ಹಿಮಪರ್ವತ. ಮಗಳ ಕೈ ಹಿಡಿದು ಮರಾಠಿಯಲ್ಲಿ ಕ್ಷೀಣವಾಗಿ ಕೇಳಿದರು:

“ಪೋಹೋಚಲೋ ಕಾ ಗ? ಮುಟ್ಟಿದೆವೇನವ್ವಾ ಜರ್ಮನಿ?”

೨. ನೀರಿಲ್ಲದ ಸೇವೆ

ನಮ್ಮ ಹುಡುಗಿಯರು ಅಲ್ಲಿಗೆ ಹೋಗಲು ಹವಣಿಸುತ್ತಿರುವಾಗ ಅಲ್ಲಿಯ ಹುಡುಗಿಯರು ಇಲ್ಲಿಗೆ ಬಂದರು. ಅವರಿಗೂ ಸೇವೆಯ ಸರ್ಟಿಫಿಕೇಟು ಬೇಕಂತೆ. ಕಾಲೇಜಿನವರು ಅವರನ್ನು ಸಟಾಣಾ ಕಡೆಯ ಒಂದು ಹಳ್ಳಿಗೆ ಕರೆದೊಯ್ದರು. ಎಲ್ಲರ ಊಟದ ಡಬ್ಬಿಗಳೊಡನೆ ನಾನೂ ಹೋದೆ.

ಅಂದಿನ ಪಾಠ, ಕೈ ತೊಳೆಯುವ ಬಗೆ. ಹಳ್ಳಿಯ ಹೆಂಗಸರನ್ನು ನಲ್ಲಿಯ ಮುಂದೆ ಸಾಲಾಗಿ ನಿಲ್ಲಿಸಿದರು. ನಲ್ಲಿ ತಿರುವಿದರೆ ಒಮ್ಮೆ ಉಸ್ಸೆಂದು ಸುಮ್ಮನಾಯಿತು. ಆ ಊರಿಗೆ ಅಂದು ನೀರಿನ ಪಾಳಿಯಿರಲಿಲ್ಲ. ಆದರೆ ಫೋಟೋ ತೆಗೆಯುವವರು ಬಂದಾಗಿತ್ತು. ಆದ್ದರಿಂದ ಪರದೇಶದ ಹುಡುಗಿಯರು ಗಾಳಿಯಲ್ಲಿಯೇ ಅಂಗೈ ತಿಕ್ಕಿ, ಬೆರಳುಗಳ ಸಂದು ತಿಕ್ಕಿ, ಇಲ್ಲದ ನೀರಿನಲ್ಲಿ ಕೈ ಜಾಲಿಸಿ ತೋರಿಸಿದರು. ಹೆಂಗಸರೂ ಅಷ್ಟೇ ಶ್ರದ್ಧೆಯಿಂದ ಜಾಲಿಸಿದರು.

ಎಲ್ಲ ಮುಗಿದ ಮೇಲೆ ಒಬ್ಬ ಮುದುಕಿ ಮುಂದೆ ಬಂದು ಕೈಮುಗಿದಳು. “ಬಾಯೀ, ನೀರಿಲ್ಲದೆ ಕೈ ತೊಳೆಯುವುದನ್ನು ಚೆನ್ನಾಗಿ ಕಲಿಸಿದಿರಿ. ಮುಂದಿನ ವರ್ಷ ನೀರಿಲ್ಲದೆ ಸ್ನಾನ ಮಾಡುವುದನ್ನೂ ಕಲಿಸಿಬಿಡಿ. ಆಮೇಲೆ ನಾವು ಸರಪಂಚನ ತಂಟೆಗೇ ಹೋಗುವುದಿಲ್ಲ.”

“ಏನಂದರು?” ಎಂದು ಪರದೇಶದ ಹುಡುಗಿ ಕೇಳಿದಳು.

ನಮ್ಮ ಕಾಲೇಜಿನ ಮೇಡಂ ನಗುನಗುತ್ತ ಇಂಗ್ಲಿಷಿನಲ್ಲಿ ತಿಳಿಸಿದರು: “ಬಹಳ ಉಪಕಾರವಾಯಿತು, ಮತ್ತೆ ಬನ್ನಿ ಅನ್ನುತ್ತಿದ್ದಾರೆ.”

೩. ಪರದೆಯ ಬಾಗಿಲು

ಮಗಳು ಜರ್ಮನ್ ಭಾಷೆಯ ತರಗತಿಗೆ ಸೇರಿದಳು. ಭಾಷೆಯ ಜೊತೆಗೆ ಅಲ್ಲಿಯ ರೀತಿಯನ್ನೂ ಕಲಿಸುತ್ತಿದ್ದರು. ಆ ದೇಶದಲ್ಲಿ ರೋಗಿಯ ಅಪ್ಪಣೆಯಿಲ್ಲದೆ ಹೊದಿಕೆಯನ್ನೂ ಸರಿಸುವಂತಿಲ್ಲವಂತೆ. ಇದನ್ನು ರೂಢಿ ಮಾಡಿಕೊಳ್ಳಲು ಮನೆಯಲ್ಲಿದ್ದ ಒಬ್ಬರೇ ವೃದ್ಧರು ನಮ್ಮ ಅತ್ತೆಯವರು.

ಅತ್ತೆಯವರಿಗೆ ಬೇರೆ ಕೋಣೆಯಿಲ್ಲ. ಹಾಲಿನ ಮೂಲೆಯಲ್ಲಿ ಮಂಚ, ಅದಕ್ಕೊಂದು ಪರದೆ. ತಟ್ಟಲು ಬಾಗಿಲಿಲ್ಲದ್ದರಿಂದ ಮಗಳು ಜೋಳದ ಡಬ್ಬಿಯನ್ನು ತಟ್ಟಿದಳು.

“ಅಜ್ಜೀ, ಒಳಗ ಬರ್ಲಿ ಕಾ ರೀ?”

“ಎಲ್ಲಿಂದ ಬರ್ತಿ? ಒಳಗೇ ಇದ್ದೀಯಲ್ಲ!”

“ನಿಮಗ ಚಹಾ ಕೊಡ್ಲೇನ್ರಿ? ಉಶಿ ಸರಸ್ಲೇನ್ರಿ?” ದಿಂಬಿಗೆ ಅವಳ ಬಾಯಲ್ಲಿ ಮರಾಠಿಯ ಹೆಸರೇ ಬರುತ್ತದೆ.

ಹುಟ್ಟಿದಾಗಿನಿಂದ ನೀನು ಅನ್ನುತ್ತಿದ್ದ ಮೊಮ್ಮಗಳು ನೀವು ಅಂದದ್ದೇ ತಡ, ಅತ್ತೆಯವರು ನನ್ನನ್ನು ಕೂಗಿದರು. “ಏ, ಈ ಹುಡುಗಿಗಿ ಏನಾಗ್ಯಾದ ನೋಡು ಬಾ. ನಾ ಈ ಮನಿಗಿ ಬಂದಾಗಿಂದ ನನಗ್ಯಾರೂ ಏನೂ ಕೇಳಿಲ್ಲ. ಮದಿವಿನೂ ಕೇಳಿ ಮಾಡಿಲ್ಲ!”

ಆದರೆ ಒಂದೇ ವಾರದಲ್ಲಿ ಅವರಿಗೆ ಆ ರುಚಿ ಹತ್ತಿತು. ನಾನು ರೊಟ್ಟಿ ಬಡಿಸಿದರೆ, “ಕೇಳ್ದೇ ಯಾಕ ನೀಡ್ದಿ?” ಯಜಮಾನರು ಫ್ಯಾನು ಹಚ್ಚಿದರೆ, “ಕೇಳ್ದೇ ಯಾಕ ಹಚ್ದಿ?” ಅಂಗಡಿಯಿಂದ ದಣಿದು ಬಂದ ಯಜಮಾನರು ತಾವೂ ಡಬ್ಬಿ ತಟ್ಟಿ, “ಅವ್ವಾ, ಟಿವಿ ಹಚ್ಲೇನ್ರಿ?” ಎಂದು ಕೇಳಿ, ಬೇಡವೆನಿಸಿಕೊಂಡು, ನನ್ನ ಬಳಿ ಬಂದು ಮೆಲ್ಲಗೆ ಹೇಳಿದರು:

“ಹುಡುಗಿ ಇನ್ನಾ ಇಲ್ಲೇ ಅದಾಳ. ಅವ್ವ ಆಗಲೇ ಜರ್ಮನಿಗಿ ಹೋಗ್ಯಾಳ.”

೪. ಪರೀಕ್ಷೆಯ ದಿನ

ಕೊನೆಗೆ ಮಗಳ ಸಂದರ್ಶನ ಬಂದಿತು. ಫೋನಿನಲ್ಲಿ ಮುಖ ನೋಡಿ ಮಾತನಾಡುವಂಥದು. ಆ ಕಡೆಯಲ್ಲಿ ಜರ್ಮನಿಯ ಆಸ್ಪತ್ರೆಯ ಮುಖ್ಯ ನರ್ಸಮ್ಮ, ಪಕ್ಕದಲ್ಲಿ ಮಾತು ತಿಳಿಸಿಕೊಡಲು ಒಬ್ಬ ಮರಾಠಿ ಹೆಂಗಸು, ಅಂದರೆ ಇಲ್ಲಿಯ ಮಾತಿನಲ್ಲಿ ಬಾಯಿ. ಮನೆಯಲ್ಲಿ ವೃದ್ಧರಿದ್ದರೆ ಅವರ ಬಿಪಿ ನೋಡಿ ತೋರಿಸಬೇಕೆಂದು ಅವರು ಮೊದಲೇ ತಿಳಿಸಿದ್ದರು.

ಅಂದು ಮುಂಜಾನೆ ಅತ್ತೆಯವರು ಹೊಸ ಇಳಕಲ್ ಸೀರೆಯುಟ್ಟು ಕುಳಿತಿದ್ದರು. “ನೀ ಚಿಂತಿ ಮಾಡಬ್ಯಾಡ,” ಎಂದು ನನ್ನ ಕಿವಿಯಲ್ಲಿ ಹೇಳಿದರು, “ಈಕಿ ಎಲ್ಲಿಗೂ ಹೋಗಲ್ದಂಗ ಮಾಡ್ತೀನಿ.” ಮಗಳಿಗೆ ಹೇಳೋಣವೆಂದರೆ ಅವಳು ಆಗಲೇ ಫೋನಿನ ಮುಂದೆ ಕುಳಿತಾಗಿತ್ತು.

ಮಗಳು ತೋಳಿಗೆ ಕಟ್ಟುವ ಪಟ್ಟಿಯನ್ನು ಹಿಡಿದು, “ಅಜ್ಜೀ, ನಿಮ್ಮ ಬಿಪಿ ನೋಡ್ಲೇನ್ರಿ?” ಎಂದಳು.

“ಬ್ಯಾಡ.”

ಯಜಮಾನರು ಬಾಗಿಲಲ್ಲಿ ನಿಂತು ಕೈ ಜೋಡಿಸಿದರು. ಅತ್ತೆಯವರು ಅತ್ತ ನೋಡಲೇ ಇಲ್ಲ.

“ಆಮೇಲೆ ನೋಡ್ಲೇನ್ರಿ?”

“ಆಮ್ಯಾಲೂ ಬ್ಯಾಡ.”

ಮಗಳ ಮುಖ ಸಣ್ಣದಾಯಿತು. ಪಟ್ಟಿಯನ್ನು ಮಡಿಚಿ ಪಕ್ಕಕ್ಕಿಟ್ಟು, ಅತ್ತೆಯವರ ಸೆರಗು ಸರಿಪಡಿಸಲು ಹೋಗಿ, ಅದಕ್ಕೂ ಅಪ್ಪಣೆ ಕೇಳಬೇಕೆಂದು ನೆನಪಾಗಿ ಕೈ ಹಿಂದೆಗೆದುಕೊಂಡಳು. ಆಮೇಲೆ ಫೋನಿನತ್ತ ತಿರುಗಿ ಜರ್ಮನ್ ಭಾಷೆಯಲ್ಲಿ ಏನನ್ನೋ ಹೇಳಿದಳು. ನರ್ಸಮ್ಮ ಜೋರಾಗಿ ನಕ್ಕರು. ಮರಾಠಿ ಬಾಯಿ ನಮಗೆಲ್ಲ ತಿಳಿಸಿದರು: “ಬೆಳಗಿನಿಂದ ನೋಡಿದ ಮನೆಗಳಲ್ಲೆಲ್ಲ ಅಜ್ಜಿ ಒಲ್ಲೆ ಅಂದರೆ ಮನೆಯವರು ಕೈ ಅದುಮಿ ಹಿಡಿದು ಪಟ್ಟಿ ಕಟ್ಟಿಸಿದರಂತೆ. ಬೇಡವೆಂದಾಗ ಬಿಟ್ಟವಳು ಇವಳೊಬ್ಬಳೇ. ಇವಳು ಪಾಸು.”

ಅತ್ತೆಯವರ ಮುಖ ನೋಡುವಂತಿತ್ತು.

“ಇನ್ನೊಂದು ಮಾತು,” ಎಂದರು ಆ ಬಾಯಿ. “ಆಜೀ, ನಮ್ಮ ಮೇಡಂ ನಿಮ್ಮನ್ನು ಕೇಳುತ್ತಿದ್ದಾರೆ. ನಿಮ್ಮ ಮೊಮ್ಮಗಳನ್ನು ನಮ್ಮಲ್ಲಿಗೆ ಕಳಿಸಲು ನಿಮ್ಮ ಅಪ್ಪಣೆ ಇದೆಯೇ?”

ಅದುವರೆಗೆ ನಾವೆಲ್ಲರೂ ಅತ್ತೆಯವರಿಗೆ ಜರ್ಮನಿಯ ಪಗಾರ ಹೇಳಿದ್ದೆವು, ಗೌರವ ಹೇಳಿದ್ದೆವು, ಒಪ್ಪಿಕೊಳ್ಳಿರೆಂದು ಗೋಗರೆದಿದ್ದೆವು. ಅವರ ಅಪ್ಪಣೆ ಕೇಳಿದವರು ಯಾರೂ ಇರಲಿಲ್ಲ. ಅವರು ಸೆರಗನ್ನು ತಾವೇ ಸರಿಪಡಿಸಿಕೊಂಡು, ಮಗನನ್ನೊಮ್ಮೆ ದುರುಗುಟ್ಟಿ ನೋಡಿ, ಫೋನಿಗೆ ಹೇಳಿದರು:

“ಹೂಂ. ಕರ್ಕೊಂಡು ಹೋಗ್ರಿ. ಬೇಕಂದ್ರ ಇವನಿಗೂ ಕರ್ಕೊಂಡು ಹೋಗಿ, ಜರಾ ರೀತಿ ಕಲಿಸಿ ಕಳಸ್ರಿ.”

೫. ಬೇಡ ಎನ್ನುವ ಅಜ್ಜಿ

ಸುದ್ದಿಯು ಮೇಲಿನ ಕೋಣೆಗಳನ್ನು ದಾಟಿ ಇಡೀ ಕಾಲೇಜಿಗೆ ಮುಟ್ಟಿತು. ಮರುದಿನದಿಂದ ನಮ್ಮ ಹಾಲಿನಲ್ಲಿ ಹುಡುಗಿಯರ ಸಾಲು. ಎಲ್ಲರಿಗೂ ಸಂದರ್ಶನದ ತಾಲೀಮಿಗೆ ನಮ್ಮ ಅಜ್ಜಿಯೇ ಬೇಕು.

ಅತ್ತೆಯವರು ಮಂಚದ ಮೇಲೆ ಒರಗಿ, ಬಂದವರಿಗೆಲ್ಲ “ಬ್ಯಾಡ” ದಯಪಾಲಿಸಿದರು. ಒಬ್ಬಳಿಗೆ ಸಿಟ್ಟಿನ ಬ್ಯಾಡ, ಇನ್ನೊಬ್ಬಳಿಗೆ ನಯವಾದ ಬ್ಯಾಡ. ಈ ಗದ್ದಲದಲ್ಲಿ ಅವರ ಮಧ್ಯಾಹ್ನದ ಊಟ ಹಾಗೆಯೇ ಉಳಿಯಿತು.

ಅಷ್ಟರಲ್ಲಿ ಒಬ್ಬ ಹುಡುಗಿ ಬಂದು ಡಬ್ಬಿ ತಟ್ಟಿ, ಪಟ್ಟಿ ಹಿಡಿದು, “ಆಜೀ, ಬಿಪಿ ಬಘೂ ಕಾ?” ಎಂದಳು.

“ಹೂಂ, ನೋಡವ್ವಾ,” ಎಂದರು ಅತ್ತೆಯವರು. “ಯಾಕೋ ಕಣ್ಣಿಗಿ ಕತ್ತಲಿ ಬರ್ಲಕತ್ಯಾದ.”

ಹುಡುಗಿ ಹೌಹಾರಿದಳು. “ಆಜೀ, ಅಸಂ ನಕೋ ನಾ! ಹೂಂ ಅನ್ನಬೇಡಿ, ಬೇಡ ಅನ್ನಿ! ನಾಳೆ ನನ್ನ ಇಂಟರ್ವ್ಯೂ ಇದೆ!”

“ಖರೇನೇ ತಲಿ ತಿರಗ್ತಾದ!”

“ಅದೆಲ್ಲ ಆಮೇಲೆ ಆಜೀ, ಮೊದಲು ಒಂದು ಸಲ ಬೇಡ ಅನ್ನಿ!”

ಸಾಲಿನಲ್ಲಿದ್ದವರೂ ಅವಳೊಡನೆ ದನಿಗೂಡಿಸಿದರು. ಮಂಚದ ಸುತ್ತಲೂ ನೆರೆದ ನರ್ಸುಗಳ ಕೈಯಲ್ಲೆಲ್ಲ ಬಿಪಿಯ ಪಟ್ಟಿ. ಕಟ್ಟುವವರು ಮಾತ್ರ ಒಬ್ಬರೂ ಇಲ್ಲ. ನಾನು ಅಡುಗೆಮನೆಯಿಂದ ಓಡಿ ಬರುವಷ್ಟರಲ್ಲಿ ನನ್ನ ಮಗಳು ಎಲ್ಲರನ್ನೂ ಬದಿಗೆ ಸರಿಸಿ, ಡಬ್ಬಿ ತಟ್ಟದೆ, ಏನನ್ನೂ ಕೇಳದೆ, ಅಜ್ಜಿಯ ತೋಳಿಗೆ ಪಟ್ಟಿ ಬಿಗಿದು ಬಿಪಿ ನೋಡಿದಳು. ಸ್ವಲ್ಪ ಇಳಿದಿತ್ತು. ಕಾಲೆತ್ತಿ ಮಲಗಿಸಿ, ತುಸು ಹೊತ್ತಿನ ಮೇಲೆ ಉಪ್ಪು ಹಾಕಿದ ಮಜ್ಜಿಗೆ ಕುಡಿಸಿದಳು.

ಅತ್ತೆಯವರ ಕಣ್ಣಿಗೆ ಬೆಳಕು ಬಂದಿತು. ತೋಳಿನ ಪಟ್ಟಿಯನ್ನು ನೋಡಿಕೊಂಡರು, ಮೊಮ್ಮಗಳನ್ನು ನೋಡಿದರು.

“ಕೇಳ್ದೇ ಕಟ್ಟಿದಿ?”

“ಹೂಂ ಅಜ್ಜಿ.”

“ಹಚ್ಚು ಫೋನು ಆ ಜರ್ಮನಿ ಬಾಯಿಗಿ. ಈಕಿ ಪಾಸಲ್ಲ ಅಂತ ಹೇಳ್ತೀನಿ!”